ಅಮ್ಮ ಕೂತಿರೋ ಒಂದು ಶಾಟ್

ಬಸ್ಸು ಹತ್ತಿದ ತಕ್ಷಣ ನಾನು ಮೊದಲು ಮೂಸುತ್ತೇನೆ. ಈಗ ಅದು ಅಭ್ಯಾಸವಾಗಿಬಿಟ್ಟಿದೆ. ನಮ್ಮ ಕಂಪನಿ ಬಸ್ಸು ಹೊರಡುವುದು ಶ್ರೀನಿವಾಸಪುರದಿಂದ. ಮಾವಿನ ಕಾಲದಲ್ಲಿ ಮಂಡಿಗಳ ಕಡೆಯಿಂದ ಹಣ್ಣು ಕಳಿತು ಕೊಳೆತ ಸಿಹಿವಾಸನೆ ಬಸ್ಸಿನ ಬಾಗಿಲ ತನಕ ಬಂದು ನಿಂತಿರುತ್ತದೆ. ಊರಿನವರಿಗೆ ಅದು ವಾಸನೆಯೇ ಅಲ್ಲ. ನಾನು ಮಾತ್ರ ಮೆಟ್ಟಿಲ ಮೇಲೇ ನಿಂತುಬಿಡುತ್ತೇನೆ. ಫೋನಿನ ಬ್ಯಾಟರಿ ಹೊತ್ತಿಕೊಳ್ಳುವ ಮೊದಲು ಬರುವುದೂ ಇಂಥದೇ ಸಿಹಿ. ಅದಕ್ಕೆ ಉಗುರುಬಣ್ಣದ ಘಾಟು ಸೇರಿರುತ್ತದೆ, ಅಷ್ಟೇ. ಆ ವಾಸನೆಯ ಗುರುತಿದ್ದವರು ಈ ಬಸ್ಸಿನಲ್ಲಿ ಇಬ್ಬರಿದ್ದೆವು. ಇನ್ನೊಬ್ಬರು ಹೋದ ತಿಂಗಳು ಕೆಲಸ ಬಿಟ್ಟರು.

ಅವರ ಹೆಸರು ಬರೆಯುವುದಿಲ್ಲ. "ಬರಿ ಬೇಕಾದ್ರೆ. ಹೆಸ್ರು ಮಾತ್ರ ಹಾಕ್ಬೇಡ. ನನ್ನ ಹೆಸ್ರು ನಾನೇ ಹಾಕ್ಕೋತೀನಿ, ನನ್ನ ವಿಡಿಯೋ ಕೊನೇಲಿ" ಎಂದಿದ್ದಾರೆ. ಬಸ್ಸಿನಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ಅಕ್ಕ ಹೋಳೂರಿನವರು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಕೋಣೆ, ಹೆಚ್ಚು ಮಾತಾಡದ ಗಂಡ, ಮದುವೆಯಾಗಿ ಮುಳಬಾಗಿಲಿಗೆ ಹೋದ ಮಗಳು. ನರಸಾಪುರದ ಫ್ಯಾಕ್ಟರಿಯಲ್ಲಿ ಅವರು ಗಾಡಿಗಳ ಒಳಗೆ ಹಾಕುವ ವೈರುಗಳನ್ನು ಜೋಡಿಸಿ ಕಟ್ಟುತ್ತಿದ್ದರು. ನಾನು ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ ಅದೇ ಫ್ಯಾಕ್ಟರಿಯಲ್ಲಿ, ಅವರು ಕಟ್ಟಿದ್ದನ್ನು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದವಳು. ಹಾಗಾಗಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಡಿಗ್ರಿ ಎಂದೇ ಕರೆಯುತ್ತಿದ್ದರು.

"ಏಳಮ್ಮಾ ಡಿಗ್ರಿ. ಈ ಕಡೆ ಬಾ."

ಹೋಳೂರಿನಲ್ಲಿ ಹತ್ತಿದವರೇ ನನ್ನ ಮುಂದೆ ನಿಂತು ಮೊದಲ ದಿನ ಹೇಳಿದ ಮಾತು ಇದು. ನಾನು ಕಿಟಕಿ ಪಕ್ಕ ಕೂತಿದ್ದೆ. ಡಿಗ್ರಿ ಓದಿದವಳೊಬ್ಬಳು ಬರುತ್ತಾಳೆಂಬ ಸುದ್ದಿ ಬಸ್ಸಿಗೆ ಮೊದಲೇ ಮುಟ್ಟಿತ್ತು.

"ಯಾಕಕ್ಕ? ನಾನು ಮೊದ್ಲು ಬಂದಿಲ್ವಾ?"

"ನೀನು ಕಿಟಕಿ ನೋಡಕ್ಕೆ ಬಂದಿದೀಯ. ನಾನು ಕೆಲ್ಸಕ್ಕೆ ಬಂದಿದೀನಿ."

"ಕೆಲ್ಸ ಇರೋದು ನರಸಾಪುರದಲ್ಲಲ್ವಾ?"

"ಅದು ಹೊಟ್ಟೆಗೆ. ಇದು ನಂಗೆ. ಏಳು."

ಎದ್ದೆ. ಆ ಇಡೀ ಬಸ್ಸಿನಲ್ಲಿ ಫೋನು ಚಾರ್ಜ್ ಮಾಡುವ ಪ್ಲಗ್ಗು ಸರಿಯಾಗಿ ಕೆಲಸ ಮಾಡುತ್ತಿದ್ದುದು ಆ ಸೀಟಿನ ಪಕ್ಕದಲ್ಲಿ ಮಾತ್ರ. ಅದು ಅವರ ಸೀಟು ಎಂದು ಹಳಬರಿಗೆಲ್ಲ ಗೊತ್ತಿತ್ತು. ಅಕ್ಕ ವೈರು ಸಿಕ್ಕಿಸಿ, ಕಿವಿಗೆ ಇಯರ್‌ಫೋನ್ ಇಟ್ಟು, ಮಡಿಲಲ್ಲಿ ಫೋನು ಮಲಗಿಸಿಕೊಂಡು ಯಾರದೋ ಮದುವೆಯ ವಿಡಿಯೋವನ್ನು ಕತ್ತರಿಸಿ ಜೋಡಿಸಲು ಶುರು ಮಾಡಿದರು. ಫ್ಯಾಕ್ಟರಿಯೊಳಗೆ ಫೋನು ಬಿಡುವುದಿಲ್ಲ, ಮನೆಗೆ ಹೋದರೆ ಹುಳುಗಳಿಗೆ ಸೊಪ್ಪು ಹಾಕಬೇಕು. ಹೋಗುವಾಗ ಒಂದಿಷ್ಟು, ಬರುವಾಗ ಒಂದಿಷ್ಟು. ಅವರಿಗೆ ಬಸ್ಸೇ ಸ್ಟುಡಿಯೋ.

ನಿಜವಾದ ಸ್ಟುಡಿಯೋದಲ್ಲಿಯೂ ಅವರು ಕೆಲಸ ಮಾಡಿದ್ದರು. ಫ್ಯಾಕ್ಟರಿಗೆ ಸೇರುವ ಮೊದಲು ಶ್ರೀನಿವಾಸಪುರದಲ್ಲಿ ಮದುವೆ ಆಲ್ಬಂ ಅಂಟಿಸುವ ಕೆಲಸ. ಅಲ್ಲಿದ್ದದ್ದು ಒಂದು ಕಂಪ್ಯೂಟರು, ಒಂದು ಕುರ್ಚಿ. ಕುರ್ಚಿಯಲ್ಲಿ ಮಾಲೀಕ. ಅಕ್ಕ ಗೋಂದಿನ ಕೈ ಒರೆಸಿಕೊಳ್ಳುತ್ತ ಅವನ ಬೆನ್ನ ಹಿಂದೆ ನಿಂತು, ಪರದೆಯ ಮೇಲೆ ಹಾಡು ಒಂದು ಸಾಲಿನಲ್ಲಿ, ಮಾತು ಒಂದು ಸಾಲಿನಲ್ಲಿ, ಹೋಮದ ಹೊಗೆ ಇನ್ನೊಂದು ಸಾಲಿನಲ್ಲಿ ಒಂದರ ಕೆಳಗೊಂದು ಓಡುವುದನ್ನು ನೋಡುತ್ತಿದ್ದರು. ಒಮ್ಮೆ ಅವನು ಕಾಫಿಗೆ ಹೋದಾಗ ಕೂತುಬಿಟ್ಟರಂತೆ. ಬಂದವನು ಬೈಯಲಿಲ್ಲ. ಒಂದು ಬಟ್ಟೆ ತಂದು ಕುರ್ಚಿ ಒರೆಸಿ ಕೂತ.

"ಅವ್ನು ಬೈದಿದ್ರೆ ಮರ್ತೋಗ್ತಿದ್ದೆ" ಎಂದು ಅಕ್ಕ ಹೇಳುತ್ತಿದ್ದರು. ಇದನ್ನು ಹಲವು ಸಲ ಹೇಳಿದ್ದರು. ಪ್ರತಿ ಸಲವೂ ಹೊಸದಾಗಿಯೇ ಸಿಟ್ಟಾಗುತ್ತಿದ್ದರು.

ಅವರ ಫೋನಿನಲ್ಲಿ ಮೊದಲು ಇದ್ದದ್ದು ಪುಕ್ಕಟೆ ಸಿಗುವ ಒಂದು ಸಣ್ಣ ಆ್ಯಪ್. ಅದರಲ್ಲಿ ಏನು ಮಾಡಿದರೂ ಪರದೆಯ ಮೇಲೆ ಆ ಕಂಪನಿಯ ಗುರುತು ಬಂದು ಕೂರುತ್ತಿತ್ತು. "ನೋಡು, ಹುಡ್ಗಿ ಹಣೆ ಮೇಲೆ ಮುದ್ರೆ ಒತ್ತಿದಂಗೈತೆ. ಇವ್ಳನ್ನ ಮದ್ವೆ ಮಾಡಿಕೊಟ್ಟಿರೋದೋ, ಪಾರ್ಸಲ್ ಕಳಿಸಿರೋದೋ?" ದೊಡ್ಡ ಸ್ಟುಡಿಯೋಗಳು ಕಂಪ್ಯೂಟರಿನಲ್ಲಿ ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಮೊದಲು ಫೋನಿಗೆ ಬಂದದ್ದು ತೀರ ದುಬಾರಿ ಫೋನುಗಳಿಗೆ ಮಾತ್ರ. ನಮ್ಮಂಥವರ ಕೈಯಲ್ಲಿರುವ ಫೋನುಗಳಿಗೆ 'ಸದ್ಯದಲ್ಲೇ' ಎಂದು ಇಂಗ್ಲಿಷಿನಲ್ಲಿ ಹಾಕಿದ್ದರು. ಅದನ್ನು ಓದಿ ಹೇಳಿದ ತಪ್ಪಿಗೆ ದಿನವೂ ನನಗೆ ವಿಚಾರಣೆ.

"ಬಂತೇನೇ?"

"ಇಲ್ಲಕ್ಕ. ಸದ್ಯದಲ್ಲೇ ಅಂತಿದೆ."

"ಅವ್ರ ಸದ್ಯ ಎಷ್ಟು ಉದ್ದ ಅಂತ ಕೇಳಿ ಒಂದು ಮೇಲ್ ಹಾಕು. ಡಿಗ್ರಿ ಓದಿದೀಯಲ್ಲ."

ಹಾಕಿದೆ. ಉತ್ತರ ಬರಲಿಲ್ಲ. ಆದರೆ ಒಂದು ಬೆಳಿಗ್ಗೆ ಸಾಫ್ಟ್‌ವೇರೇ ಬಂತು. ಹೋಳೂರು ಬರುವ ತನಕ ನಾನು ಸೀಟಿನ ತುದಿಯಲ್ಲಿ ಕೂತಿದ್ದೆ. ಅಕ್ಕ ಹತ್ತುವ ಮೊದಲೇ ಬಾಗಿಲಿಗೆ ಹೋಗಿ ಹೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ನಿಂತು ಒತ್ತಿ ನೋಡಿದರು. 'ನಿಮ್ಮ ಫೋನಿಗೆ ಇದು ಹೊಂದುವುದಿಲ್ಲ' ಎಂದು ಬಂತು. ಹಿಂದಿನವರು ಹತ್ತಲು ಕಾಯುತ್ತಿದ್ದರು, ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಅಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ ಇನ್ನೊಂದು ಸಲ ಒತ್ತಿದರು. ಮತ್ತೆ ಅದೇ.

"ಪರ್ವಾಲೇದು" ಎಂದರು. ತೆಲುಗಿನ ಈ ಮಾತು ಅವರ ಬಾಯಲ್ಲಿ ಬಂದರೆ, ಆಗಿದ್ದು ಆಯಿತು, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅರ್ಥ.

ನೋಡಿಕೊಂಡದ್ದು ಹೀಗೆ: ಕೋಲಾರದಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ದೊಡ್ಡ ಫೋನು ತಂದರು. ಅದರ ಬ್ಯಾಟರಿ ಬದಲಾಯಿಸಿದ್ದರು. ಹಿಂಬದಿಯ ಮುಚ್ಚಳ ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ಸಾಫ್ಟ್‌ವೇರ್ ಮಾತ್ರ ಅದರಲ್ಲಿ ಓಡಿತು. ಒಂದರ ಕೆಳಗೊಂದು ಸಾಲುಗಳು ಅವರ ಅಂಗೈಯಲ್ಲೇ ಬಿಚ್ಚಿಕೊಂಡಾಗ ಅಕ್ಕ ನನ್ನ ತೊಡೆಗೆ ಬಾರಿಸಿದರು. "ನೋಡೇ! ಈಗ ಕುರ್ಚಿ ನನ್ನ ಕೈಯಲ್ಲೈತೆ. ಯಾವನು ಒರೆಸ್ತಾನೋ ಒರೆಸ್ಲಿ."

ಅವತ್ತಿನಿಂದ ಅವರ ಗುರಿ ಒಂದೇ. ಒಂದು ಇಡೀ ಮದುವೆಯನ್ನು ತಾವೇ ಶೂಟ್ ಮಾಡಿ, ತಾವೇ ಕೂಡಿಸಿ, ಕೊನೆಯಲ್ಲಿ ತಮ್ಮ ಹೆಸರು ಹಾಕಬೇಕು. ಅದನ್ನು ನಾಲ್ಕು ಜನ ನೋಡಿ ತಮ್ಮ ಮನೆ ಮದುವೆಗೂ ಕರೆಯಬೇಕು. ಆಮೇಲೆ ವೈರು ಕಟ್ಟುವುದನ್ನು ಬಿಡಬೇಕು.

ಅಕ್ಕನೇನೂ ಸಾಧು ಸ್ವಭಾವದವರಲ್ಲ. ಅವರ ಕೆಲಸದ ಬಗ್ಗೆ ಏನಾದರೂ ಹೇಳಿದರೆ ಕೇಳುತ್ತಿರಲಿಲ್ಲ. ಚೆನ್ನಾಗಿದೆ ಎಂದರೆ ಮಾತ್ರ ಕಿವಿಯಿಂದ ಇಯರ್‌ಫೋನ್ ತೆಗೆಯುತ್ತಿದ್ದರು. ಬೇರೆಯವರು ಮಾಡಿದ ಮದುವೆ ವಿಡಿಯೋ ಸಿಕ್ಕರೆ ಇಡೀ ಬಸ್ಸಿಗೆ ಕೇಳುವ ಹಾಗೆ ನಗುತ್ತಿದ್ದರು. ಆದರೆ ಅವರದೇ ಒಂದು ನಿಯಮವಿತ್ತು. ಅದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹೆಣ್ಣಿನ ತಾಯಿ ಕೂತಿರುವ ಒಂದಾದರೂ ದೃಶ್ಯ ವಿಡಿಯೋದಲ್ಲಿ ಇರಲೇಬೇಕು. "ಮದ್ವೇಲಿ ಎಲ್ರೂ ಕೂತ್ಕೊತಾರೆ ಕಣೇ. ಗಂಡು, ಹೆಣ್ಣು, ಅಯ್ನೋರು, ಕೊನೇಗೆ ಓಲಗದೋರೂ ಕೂತ್ಕೊತಾರೆ. ಹೆಣ್ಣಿನ ಅಮ್ಮ ಮಾತ್ರ ನಿಂತೇ ಇರ್ತಾಳೆ. ಒಂದ್ ನಿಮಿಷನಾದ್ರೂ ಎಲ್ಲೋ ಕೂತಿರ್ತಾಳೆ, ಹುಡುಕ್ಬೇಕು." ಗಂಟೆಗಟ್ಟಲೆ ಕ್ಲಿಪ್ಪುಗಳನ್ನು ಬೆರಳಿನಿಂದ ಓಡಿಸಿ ಅದನ್ನು ಹುಡುಕುತ್ತಿದ್ದರು. ತಮ್ಮ ಮಗಳ ಮದುವೆಯ ವಿಡಿಯೋದಲ್ಲಿ ಅವರು ಎಲ್ಲಾದರೂ ಕೂತಿದ್ದರೇ ಎಂದು ನಾನು ಕೇಳಲಿಲ್ಲ.

ಕಷ್ಟವಿದ್ದದ್ದು ಬಿಸಿಯದು. ಕಂಪ್ಯೂಟರಿಗಾದರೆ ಫ್ಯಾನಿರುತ್ತದೆ. ಫೋನಿನಲ್ಲಿ ದೊಡ್ಡ ವಿಡಿಯೋ ಪೂರ್ತಿ ಕೂಡಿಸಿ ಹೊರಗೆ ತೆಗೆಯುವಾಗ ಅದು ಮುಟ್ಟಲಾಗದಷ್ಟು ಕಾಯುತ್ತಿತ್ತು. ಕಾದಾಗ ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು. ಅಕ್ಕ ಇದಕ್ಕೆ ಮನೆಯಲ್ಲಿ ಮಾಡುವುದನ್ನೇ ಮಾಡಿದರು. ಬೇಸಿಗೆಯಲ್ಲಿ ಹುಳು ಸಾಕುವ ಕೋಣೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತಾರೆ, ಒಳಗೆ ತಂಪಾಗಿರುತ್ತದೆ. ಅಕ್ಕ ಊಟದ ಖಾಲಿ ಸ್ಟೀಲ್ ಡಬ್ಬದೊಳಗೆ ಒದ್ದೆ ಬಟ್ಟೆ ಹಾಸಿ, ಫೋನಿಟ್ಟು, ಮೇಲೂ ಒದ್ದೆ ಬಟ್ಟೆ ಹೊದಿಸಿ, ಚಾರ್ಜಿನ ವೈರು ಮಾತ್ರ ಹೊರಗೆ ಬಿಡುತ್ತಿದ್ದರು.

"ಅಕ್ಕ, ಕರೆಂಟು, ನೀರು ಎರಡೂ ಒಟ್ಟಿಗೆ ಇಡ್ತಿದೀರ. ಹಿಂದುಗಡೆ ಬೇರೆ ಉಬ್ಬಿದಂಗಿದೆ."

"ಲಕ್ಷಾಂತರ ಹುಳು ಸಾಕಿದೀನಿ ಕಣೇ, ಒಂದು ಫೋನ್ ಸಾಕಕ್ಕಾಗಲ್ವಾ? ಮುಟ್ಬೇಡ, ಅದರ ಪಾಡಿಗೆ ಬಿಡು."

ಮುಚ್ಚಳ ಬಿಟ್ಟುಕೊಳ್ಳದ ಹಾಗೆ ಫೋನಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು.

ಕೊನೆಗೆ ಅವರು ಬಯಸಿದ ಮದುವೆ ಸಿಕ್ಕಿತು. ನಮ್ಮ ಬಸ್ಸಿನದೇ ಹುಡುಗಿ, ನನ್ನ ಜೊತೆ ಶ್ರೀನಿವಾಸಪುರದಲ್ಲಿ ಹತ್ತುವವಳು. ಅವಳ ತಾಯಿ ಮಾವಿನ ಮಂಡಿಯಲ್ಲಿ ಹಣ್ಣು ಆರಿಸಿ ಕ್ರೇಟಿಗೆ ತುಂಬುವ ಕೆಲಸದವರು. ಮದುವೆ ಮುಳಬಾಗಿಲಿನ ಒಂದು ಛತ್ರದಲ್ಲಿ. ಅಕ್ಕ ಎರಡು ದಿನ ರಜೆ ಹಾಕಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲ್ಲವನ್ನೂ ಆ ಫೋನಿನಲ್ಲೇ ಹಿಡಿದರು. ಮುಂದಿನ ವಾರ ಬಸ್ಸಿನಲ್ಲಿ ನನಗೊಬ್ಬಳಿಗೇ ಒಂದು ತುಣುಕು ತೋರಿಸಿದರು. ಊಟದ ಹಾಲಿನ ಹಿಂದೆ, ಪಾತ್ರೆ ತೊಳೆಯುವ ಕಡೆ, ಹುಡುಗಿಯ ತಾಯಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದಾರೆ. ಹೊಸ ಸೀರೆ, ಮುಡಿಯಲ್ಲಿ ಹೂವು. ಯಾರೋ ಕರೆದರು, ಎದ್ದುಬಿಟ್ಟರು. ಅಷ್ಟೇ ಇದ್ದದ್ದು.

"ಸಿಕ್ತು ನೋಡು" ಎಂದರು ಅಕ್ಕ. ಅವರ ಮುಖ ನಾನು ಹಾಗೆ ಕಂಡಿರಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಶಿಫ್ಟು ಮುಗಿಸಿ ನರಸಾಪುರದಿಂದ ವಾಪಸು ಬರುತ್ತಿದ್ದೆವು. ಕಡುಬಿಸಿಲು. ನಮ್ಮದು ಎಸಿ ಬಸ್ಸು. ಕಿಟಕಿಯ ಗಾಜುಗಳು ತೆರೆಯುವುದಿಲ್ಲ, ಬಾಗಿಲು ಮುಂದೆ ಒಂದೇ. ಗಾಜು ಒಡೆಯುವ ಸುತ್ತಿಗೆ ಇರಬೇಕಾದ ಕಡೆ ಬರೀ ಕೊಕ್ಕೆ ಇತ್ತು. ಇದೆಲ್ಲ ನಾನು ನೋಡಿದ್ದು ಆಮೇಲೆ. ಈಗ ದಿನವೂ ನೋಡುತ್ತೇನೆ. ಹೆಂಗಸರೆಲ್ಲ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಮದುವೆ ಹುಡುಗಿ ಎರಡು ಸೀಟು ಮುಂದೆ, ಬಾಯಿ ತೆರೆದುಕೊಂಡು. ಅಕ್ಕನ ಮಡಿಲಲ್ಲಿ ಡಬ್ಬ, ಅದರೊಳಗೆ ಫೋನು, ಫೋನಿನೊಳಗೆ ಮದುವೆ. ಎಲ್ಲ ಕೂಡಿಸಿ ಆಗಿತ್ತು. ಪೂರ್ತಿ ವಿಡಿಯೋ ಹೊರಗೆ ಬರುವುದೊಂದು ಬಾಕಿ.

ವಾಸನೆ ಮೊದಲು ಬಂತು. ಯಾರೋ ಉಗುರುಬಣ್ಣ ಹಚ್ಚುತ್ತಿದ್ದಾರೆ ಎಂದುಕೊಂಡೆ. ಆಮೇಲೆ, ಕಾದ ಹೆಂಚಿನ ಮೇಲೆ ನೀರು ಬಿದ್ದ ಹಾಗೆ ಸಣ್ಣಗೆ ಸುಯ್ಯೆಂದಿತು. ಅಕ್ಕ ಬಟ್ಟೆ ಸರಿಸಿದರು. ಫೋನಿನ ಬೆನ್ನು ರೊಟ್ಟಿಯ ಹಾಗೆ ಉಬ್ಬಿ, ರಬ್ಬರ್ ಬ್ಯಾಂಡ್ ಹರಿದು, ಒಂದು ಮೂಲೆಯಿಂದ ಹೊಗೆ ದಾರದ ಹಾಗೆ ಏಳುತ್ತಿತ್ತು.

ಇಲ್ಲಿಗೆ ಬಂದು ನನ್ನ ತಲೆ ನಿಂತುಬಿಡುತ್ತದೆ. ಅಡುಗೆ ಮಾಡುವಾಗ, ಹಲ್ಲುಜ್ಜುವಾಗ, ತಪಾಸಣೆಯ ಮೇಜಿನ ಮುಂದೆ ಕೂತಿದ್ದಾಗ, ಮತ್ತೆ ಇಲ್ಲಿಗೇ ಬರುತ್ತೇನೆ. ಅಕ್ಕ ಎಸೆಯಲಿಲ್ಲ. ಕೂಗಲಿಲ್ಲ. ಹೊಗೆ ಬರುತ್ತಿದ್ದ ಫೋನನ್ನು ಮೆಲ್ಲಗೆ ತಿರುಗಿಸಿ ಪರದೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು, ಇಲ್ಲವೇ ಎರಡು. ಅಷ್ಟರಲ್ಲಿ ದಾರದಂತಿದ್ದ ಹೊಗೆ ಹಗ್ಗದಷ್ಟಾಯಿತು.

ನಾನು ಬೆಂಕಿ ಎಂದು ಕಿರುಚಲು ಬಾಯಿ ತೆರೆದೆ. ಅವರ ಎಡಗೈ ನನ್ನ ಬಾಯಿಯ ಮೇಲೆ ಬಿತ್ತು.

"ಬಾಯ್ ಮುಚ್ಚು. ಕೂಗಿದ್ರೆ ಎಲ್ಲಾ ಬಾಗ್ಲಿಗೆ ಬೀಳ್ತಾರೆ, ತುಳ್ಕೊಂಡು ಸಾಯ್ತಾರೆ."

ವೈರು ಕಿತ್ತು, ಡಬ್ಬದ ಮುಚ್ಚಳ ಒತ್ತಿ, ಅದನ್ನು ಬಲ ಅಂಗೈಯ ಮೇಲೆ ಹೊತ್ತು ಎದ್ದರು. ಎದ್ದವರು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದರು.

"ವಾಂತಿ! ವಾಂತಿ! ಕಾಲ್ ತೆಗೀರೇ! ಡ್ರೈವರಣ್ಣಾ, ನಿಲ್ಸಿ, ಬರ್ತೈತೆ!"

ನಮ್ಮ ಡ್ರೈವರಣ್ಣ ಮುಳಬಾಗಿಲಿನ ಆಚೆ ಆಂಧ್ರದ ಗಡಿಯವನು. ಹೈವೇಯಲ್ಲಿ ಯಾರು ಏನು ಹೇಳಿದರೂ ನಿಲ್ಲಿಸುವವನಲ್ಲ. ವಾಂತಿಗೆ ಮಾತ್ರ ಅವನು ಹೆದರುತ್ತಿದ್ದ, ಏಕೆಂದರೆ ಬಸ್ಸು ತೊಳೆಯಬೇಕಾದವನು ಅವನೇ. ಬ್ರೇಕು ಒತ್ತಿದ. ಮಲಗಿದ್ದ ಹೆಂಗಸರು ಕಣ್ಣು ಬಿಡುವ ಮೊದಲೇ ಕಾಲು ಒಳಗೆಳೆದುಕೊಂಡರು, ವೇಲು ಮೂಗಿಗೆ ಒತ್ತಿಕೊಂಡರು, ಗಾಜಿನ ಕಡೆಗೆ ಸರಿದರು. ಅಷ್ಟು ಇಕ್ಕಟ್ಟಿನ ದಾರಿ ತನ್ನಷ್ಟಕ್ಕೇ ತೆರೆದುಕೊಂಡಿತು. ಅಕ್ಕ ಅದರ ನಡುವೆ ಓಡದೆ, ಅಡ್ಡಾದಿಡ್ಡಿ ಹೆಜ್ಜೆ ಹಾಕದೆ, ತುಂಬಿದ ಬಿಂದಿಗೆ ಹೊತ್ತವರ ಹಾಗೆ ನೆಟ್ಟಗೆ ನಡೆದುಹೋದರು. ಡಬ್ಬದ ಅಂಚಿನಿಂದ ಬಿಳಿ ಹೊಗೆ ಸುರಿಯುತ್ತಿತ್ತು.

"ಏಮಮ್ಮಾ, ಕವರ್ ತೊಗೊಳ್ಳಕ್ಕಾಗಲ್ವಾ?" ಎಂದು ಡ್ರೈವರ್ ಬೈಯುತ್ತಲೇ ಬಾಗಿಲು ತೆರೆದ.

ಅಕ್ಕ ಇಳಿದು, ರಸ್ತೆ ಪಕ್ಕದ ಹಳ್ಳಕ್ಕೆ ಡಬ್ಬ ಎಸೆದರು. ಅದು ನೆಲ ಮುಟ್ಟುವ ಮೊದಲೇ ಮುಚ್ಚಳ ಹಾರಿತು. ಪಟಾರನೆ ಸಿಡಿದು ಆಳೆತ್ತರದ ಉರಿ ಎದ್ದಿತು.

ಬಸ್ಸಿನೊಳಗೆ ಎಲ್ಲರೂ ಗಾಜಿಗೆ ಮುಖ ಒತ್ತಿ ನೋಡಿದರು. ಆಮೇಲೆ ಹಿಂದಿನ ಸೀಟಿನಿಂದ ಒಬ್ಬಳು ನಿದ್ದೆಗಣ್ಣಿನಲ್ಲೇ ಕೇಳಿದಳು: "ಅಕ್ಕಾ, ಏನ್ ತಿಂದಿದ್ರಿ?"

ನಕ್ಕೆವು. ನಗು ನಿಲ್ಲಲಿಲ್ಲ. ನಗುತ್ತಲೇ ನಾನು ಕೆಳಗಿಳಿದೆ. ಅಕ್ಕನ ಸುಟ್ಟ ಬಲಗೈ ನೋಡಿದೆ. ಆಮೇಲೆ ನಿಜವಾಗಿ ವಾಂತಿ ಮಾಡಿದವಳು ನಾನು. ಮದುವೆ ಹುಡುಗಿಯೂ ಇಳಿದು ಬಂದಳು. ಹಳ್ಳದಲ್ಲಿ ಉರಿಯುತ್ತಿದ್ದದ್ದು ಏನೆಂದು ಅವಳಿಗೆ ತಡವಾಗಿ ತಿಳಿಯಿತು.

"ಅಕ್ಕ, ನಮ್ಮ ಮದ್ವೆ?" ಎಂದಳು. ಎಂದವಳು ತಾನೇ ನಾಚಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು.

"ಪರ್ವಾಲೇದು" ಎಂದರು ಅಕ್ಕ. ಅಷ್ಟು ದೊಡ್ಡ ಕ್ಲಿಪ್ಪುಗಳನ್ನು ಇನ್ನೊಂದು ಕಡೆ ಇಡುವಷ್ಟು ಜಾಗ ಅವರ ಹತ್ತಿರ ಎಲ್ಲೂ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಬಸ್ಸಿನ ಪ್ಲಗ್ಗಿಗೆ ಹಳದಿ ಟೇಪು ಸುತ್ತಿದರು. ಆಫೀಸಿನಲ್ಲಿ ಅಕ್ಕನನ್ನು ಕರೆಸಿ ಬೈದರು. ಬೈದದ್ದು ತಪ್ಪೆಂದು ನಾನು ಹೇಳಲಾರೆ. ಅಂಗೈಯ ಸುಟ್ಟಗಾಯ ಒಣಗಿದ ಮೇಲೆ ಅವರು ಕೆಲಸಕ್ಕೆ ಬಂದರು. ಆದರೆ ಗಟ್ಟಿಯಾದ ಬೆರಳುಗಳಿಗೆ ಸಣ್ಣ ವೈರಿನ ತುದಿ ಸಿಗುತ್ತಿರಲಿಲ್ಲ. ಅವರು ಕಟ್ಟಿದ್ದು ನನ್ನ ಮೇಜಿಗೆ ಬರುತ್ತಿತ್ತು. ಮತ್ತೆ ಮತ್ತೆ ವಾಪಸು ಕಳಿಸಬೇಕಾಗುತ್ತಿತ್ತು. ಒಂದು ದಿನ ಅವರೇ ಬಂದು, "ಇದನ್ನ ನೀನು ವಾಪಸ್ ಕಳ್ಸೋದು, ನಾನು ಮತ್ತೆ ಕಳ್ಸೋದು, ಇದೇನ್ ಬೀಗರ ಮನೆ ಬಾಗಿನಾನಾ?" ಎಂದು ನಕ್ಕು ಕೆಲಸ ಬಿಟ್ಟರು.

ಕಳೆದ ಭಾನುವಾರ ಹೋಳೂರಿಗೆ ಹೋಗಿದ್ದೆ. ಹುಳುವಿನ ಕೋಣೆಯ ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು, ತೊಟ್ಟಿಕ್ಕುತ್ತಿತ್ತು. ನಾನು ಅದರ ಕಡೆ ಬೆನ್ನು ಮಾಡಿ ಕೂತೆ. ಅಕ್ಕ ಜಗಲಿಯಲ್ಲಿ ಮಗಳ ಹಳೆಯ ಫೋನು ಹಿಡಿದು ಎಡ ಹೆಬ್ಬೆರಳಿನಲ್ಲಿ ಏನೋ ಕತ್ತರಿಸುತ್ತಿದ್ದರು. ಆ ಮದುವೆಗೆ ಬಂದಿದ್ದವರ ಫೋನುಗಳಿಂದೆಲ್ಲ ಸಿಕ್ಕಸಿಕ್ಕ ಕ್ಲಿಪ್ಪು ತರಿಸಿಕೊಂಡಿದ್ದರಂತೆ. ಅರ್ಧದಷ್ಟು ಅಲುಗಾಡಿದವು, ಉಳಿದವು ಊಟದವು. ಈ ಫೋನಿನಲ್ಲಿ ಸಾಫ್ಟ್‌ವೇರ್ ತೆವಳುತ್ತ ಓಡುತ್ತಿತ್ತು. ಸ್ವಲ್ಪ ಕೆಲಸ, ಆಮೇಲೆ ಅದನ್ನು ನೆರಳಿನಲ್ಲಿ ನೆಲದ ಮೇಲೆ ಬರಿದೇ ಇಟ್ಟು ಕಾಯುವುದು. ಒದ್ದೆ ಬಟ್ಟೆ ಇರಲಿಲ್ಲ. ಚಾರ್ಜಿಗೂ ಹಾಕಿರಲಿಲ್ಲ.

ಕೇಳದೆ ಇರಲಾಗಲಿಲ್ಲ. "ಅಕ್ಕ, ಅವತ್ತು ಹೊಗೆ ಬರೋವಾಗ ತಿರುಗಿಸಿ ಏನು ನೋಡಿದ್ರಿ?"

ಅವರು ತಲೆ ಎತ್ತಲಿಲ್ಲ. "ಗೆರೆ ನೋಡ್ದೆ. ವಿಡಿಯೋ ಹೊರಗೆ ಬರಕ್ಕೆ ಎಷ್ಟು ಬಾಕಿ ಐತೆ ಅಂತ."

"ಅಷ್ಟು ಜನ ಮಲಗಿದ್ರು."

"ಮಲಗಿದ್ರು. ಇನ್ನೊಂಚೂರು ಇತ್ತು ಕಣೇ." ಫೋನನ್ನು ನೆಲದ ಮೇಲೆ ಇಟ್ಟರು. "ನೀನು ಬರಿಯೋದಾದ್ರೆ ಅದನ್ನೂ ಬರಿ. ವಾಂತಿ ಅಂತ ಕೂಗಿದ್ದು ಮಾತ್ರ ಬರ್ದು ನನ್ನ ದೊಡ್ಡೋಳ್ ಮಾಡ್ಬೇಡ."

ನನಗೆ ಸಿಟ್ಟು ಬಂತು. ಅವರು ಕೊಟ್ಟ ಕಾಫಿ ಕುಡಿದು, ಬರ್ತೀನಿ ಎಂದಷ್ಟೇ ಹೇಳಿ ಬಂದೆ. ದಾರಿಯುದ್ದಕ್ಕೂ ಆ ಒಂದು ಉಸಿರಿನಲ್ಲಿ ಏನೇನು ಆಗಬಹುದಿತ್ತು ಎಂದೇ ಎಣಿಸಿದೆ. ಈಗಲೂ ಎಣಿಸುತ್ತೇನೆ.

ನಿನ್ನೆ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ವಿಡಿಯೋ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ. ಕಿಟಕಿ ಸೀಟನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಕೂತು ನೋಡತೊಡಗಿದೆ. ಮುಹೂರ್ತ, ಧಾರೆ, ಊಟ. ಅಲುಗಾಡುವುದನ್ನೆಲ್ಲ ನಿಲ್ಲಿಸಿದ್ದರು, ಹತ್ತು ಫೋನುಗಳ ಹತ್ತು ಬಣ್ಣಗಳನ್ನು ಒಂದು ಮಾಡಿದ್ದರು. ಹುಡುಗಿಯ ತಾಯಿ ಬಂದಲ್ಲೆಲ್ಲ ನಿಂತೇ ಇದ್ದರು. ನೀರು ಕೊಡುತ್ತ, ತಟ್ಟೆ ಹಿಡಿದು, ಯಾರನ್ನೋ ಕರೆಯುತ್ತ. ಅರ್ಧ ದಾಟುವಷ್ಟರಲ್ಲಿ ನನ್ನ ಅಂಗೈಯಲ್ಲಿ ಫೋನು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಮೂಸಿದೆ. ಮಾವಿನ ವಾಸನೆ, ಅಥವಾ ಅದಲ್ಲ. ಫೋನು ಕೆಳಗಿಡಬೇಕು ಎನ್ನಿಸಿತು. ಪರದೆಯ ತಳದಲ್ಲಿ ಓಡುತ್ತಿದ್ದ ಗೆರೆ ನೋಡಿದೆ. ಇನ್ನೊಂಚೂರು ಇತ್ತು.

ಇಡಲಿಲ್ಲ.

ಯಾರೋ ಹುಡುಗರು ಊಟದ ಹಾಲಿನ ಬಾಗಿಲಲ್ಲಿ ನಿಂತು ತಮ್ಮ ಮುಖಗಳನ್ನೇ ಹಿಡಿದುಕೊಂಡಿದ್ದ ಸೆಲ್ಫಿ ವಿಡಿಯೋ ಬಂತು. ಅದು ಮೆಲ್ಲಗೆ ಹಿಗ್ಗಿತು. ಹುಡುಗರ ಮುಖಗಳು ಒಂದೊಂದಾಗಿ ಅಂಚಿನಾಚೆ ಹೋದವು. ಅವರ ಹೆಗಲುಗಳ ಸಂದಿಯಲ್ಲಿ, ಬಹಳ ಹಿಂದೆ, ಬೋರಲು ಹಾಕಿದ ಕ್ರೇಟಿನ ಮೇಲೆ, ಕಣ್ಣು ಮೂಗು ಕಾಣದಷ್ಟು ಮಸುಕಾಗಿ ಒಬ್ಬ ಹೆಂಗಸು ಕೂತಿದ್ದಳು. ಕೈ ಪಾದದ ಮೇಲಿತ್ತು. ಮುಡಿಯ ಹೂವು ಒಂದು ಬಿಳಿ ಚುಕ್ಕೆಯಾಗಿ ಕಂಡಿತು.

ಆಮೇಲೆ ಕಪ್ಪು ಪರದೆಯ ಮೇಲೆ ಅಕ್ಕನ ಹೆಸರು ಬಂತು. ಅದನ್ನೂ ಓದಿದ ಮೇಲೆ, ಬಿಸಿಯಾದ ಫೋನನ್ನು ಅವರ ಖಾಲಿ ಸೀಟಿನ ಮೇಲೆ ಇಟ್ಟು, ನನ್ನ ಅಂಗೈ ನೋಡಿಕೊಂಡೆ.